ತಣಿಗೆ, ಗಂಗಾಳ, ಬಟ್ಟಲು: ಉಣ್ಣುವ ತಟ್ಟೆಯ ಹಲವು ಹೆಸರುಗಳು

ಮೈಸೂರು ಸೀಮೆಯ ಹೆಣ್ಣುಮಗಳೊಬ್ಬಳು ಮಂಗಳೂರಿನ ಮನೆಗೆ ಸೊಸೆಯಾಗಿ ಹೋಗುತ್ತಾಳೆ ಎಂದುಕೊಳ್ಳಿ. ಊಟದ ಹೊತ್ತಿಗೆ ಅತ್ತೆ ‘ಎಲ್ಲರಿಗೂ ಬಟ್ಟಲು ಇಡು’ ಎನ್ನುತ್ತಾರೆ. ಸೊಸೆ ಪಾಯಸ ಬಡಿಸುವ ಸಣ್ಣ ಬಟ್ಟಲುಗಳನ್ನು ಹುಡುಕುತ್ತಾಳೆ. ಅತ್ತೆ ಕೇಳಿದ್ದು ಊಟದ ತಟ್ಟೆಯನ್ನು. ದಕ್ಷಿಣ ಕನ್ನಡದಲ್ಲಿ ಬಟ್ಟಲು ಎಂದರೆ ಅನ್ನ ಬಡಿಸಿಕೊಂಡು ಉಣ್ಣುವ ಅಗಲವಾದ ಪಾತ್ರೆ. ಘಟ್ಟ ಹತ್ತಿ ಬಂದರೆ ಅದೇ ಮಾತು ಗುಂಡಾದ, ಆಳವಾದ, ಅಂಗೈಯಲ್ಲಿ ಕೂರುವ ಪಾತ್ರೆಗೆ ಸಲ್ಲುತ್ತದೆ. ದೊಡ್ಡ ದುಂಡು ಕಣ್ಣಿಗೆ ಬಟ್ಟಲುಗಣ್ಣು ಎಂದವರು ಈ ಎರಡನೆಯ ಪಾತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹೋದರೆ ‘ಗಂಗಾಳ’ ಬರುತ್ತದೆ, ಜೊತೆಗೆ ಮರಾಠಿಯ ನೆರೆಯಲ್ಲಿ ಬೆಳೆದ ‘ತಾಟು’ ಬರುತ್ತದೆ. ಮಂಡ್ಯ, ಹಾಸನ, ತುಮಕೂರಿನ ಹಳ್ಳಿಗಳ ಹಿರಿಯರ ಬಾಯಲ್ಲಿ ಅದು ‘ತಣಿಗೆ’. ‘ತಣಿಗೆ ತೊಳ್ಕೊಂಡ್ ಬಾ, ಮುದ್ದೆ ಇಕ್ತೀನಿ’ ಎನ್ನುವ ಅಜ್ಜಿಯರನ್ನು ಕೇಳಿಸಿಕೊಂಡು ಬೆಳೆದವರು ಇನ್ನೂ ಇದ್ದಾರೆ. ಇದರ ಹಳೆಯ ರೂಪ ತಳಿಗೆ. ತಮಿಳು ಮಾತನಾಡುವ ಅಯ್ಯಂಗಾರರ ಮನೆಗಳಲ್ಲಿ ತಳಿಗೆ ಎಂಬ ಮಾತು ದೇವರ ನೈವೇದ್ಯಕ್ಕೂ ಅಡುಗೆಗೂ ನಿಂತುಬಿಟ್ಟಿದೆ. ಮಲೆನಾಡು, ಕರಾವಳಿಗಳಲ್ಲಿ ದೊಡ್ಡ ತಟ್ಟೆಗೆ ಹರಿವಾಣ ಎನ್ನುತ್ತಾರೆ. ಹಳಗನ್ನಡದ ಪರಿಯಣವೇ ಇದು. ಪಾಲು ಹಾಲಾದಂತೆ, ಪಾವು ಹಾವಾದಂತೆ, ಮೊದಲಕ್ಷರದ ಪಕಾರ ಹಕಾರವಾಗಿದೆ. ಎಲೆ ಅಡಿಕೆ ಇಡುವ ತಬಕು ಅರಬ್ಬಿ, ಪಾರಸಿಗಳ ಹಾದಿಯಲ್ಲಿ ಬಂದು ನಮ್ಮ ಮನೆಯ ಜಗುಲಿಯಲ್ಲಿ ಕೂತಿದೆ. ಹಿಟ್ಟು ನಾದುವ ಪರಾತ ಉತ್ತರದಿಂದ ಬಂದದ್ದು.

ಈ ಎಲ್ಲ ಹೆಸರುಗಳ ಮೇಲೆ ಈಗ ‘ತಟ್ಟೆ’ ಎಂಬ ಒಂದೇ ಮಾತು ಹರಡಿಕೊಂಡಿದೆ. ಪಠ್ಯಪುಸ್ತಕ, ಪತ್ರಿಕೆ, ಟಿವಿ ಎಲ್ಲದರಲ್ಲೂ ತಟ್ಟೆಯೇ. ನನಗೆ ಆ ಮಾತಿನ ಮೇಲೆ ಕೋಪವಿಲ್ಲ. ಆದರೆ ತಣಿಗೆ, ಗಂಗಾಳ, ಬಟ್ಟಲುಗಳನ್ನು ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳು ಎಂದುಕೊಳ್ಳುವುದು ಸರಿಯಲ್ಲ. ಅವು ಬೇರೆ ಬೇರೆ ವಸ್ತುಗಳು. ಒಂದೊಂದು ಊಟಕ್ಕೆ ಒಂದೊಂದು ಆಕಾರ ಬೇಕಾಗಿತ್ತು, ಆ ಆಕಾರಕ್ಕೆ ಆ ಊರಿನವರು ಹೆಸರಿಟ್ಟರು.

ರಾಗಿ ಮುದ್ದೆಯನ್ನು ನೋಡಿ. ಮುದ್ದೆ ನಡುವೆ ಕೂರಬೇಕು, ಉಪ್ಸಾರೋ ಬಸ್ಸಾರೋ ಅದರ ಸುತ್ತ ನಿಲ್ಲಬೇಕು. ಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವಾಗ ಬೆರಳಿಗೆ ಜಾಗ ಬೇಕು. ಹಾಗಾಗಿ ತಣಿಗೆಗೆ ಅಗಲವಾದ ಸಮ ತಳ, ಸಾರು ಚೆಲ್ಲದಷ್ಟು ನೇರವಾದ ಗಿಡ್ಡ ಅಂಚು. ಗಂಗಾಳದ ಅಂಚು ಇನ್ನೂ ಎತ್ತರ, ತೂಕವೂ ಹೆಚ್ಚು. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು ಕಲಸಿ ಉಣ್ಣುವವರಿಗೆ, ರೊಟ್ಟಿಯನ್ನು ಮುರಿದು ಬ್ಯಾಳಿಯಲ್ಲಿ ನೆನೆಹಾಕಿಕೊಳ್ಳುವವರಿಗೆ ಆ ಆಳ ಬೇಕೇ ಬೇಕು. ಒಣ ರೊಟ್ಟಿಗೆ ಮಾತ್ರ ಪಾತ್ರೆಯ ಹಂಗಿಲ್ಲ. ಹೊಲದಲ್ಲಿ ಬುತ್ತಿ ಬಿಚ್ಚಿದವರು ರೊಟ್ಟಿಯನ್ನು ಅಂಗೈ ಮೇಲೆ ಹರಡಿ, ಪಲ್ಯ, ಚಟ್ನಿಪುಡಿ, ಒಂದು ಹಸಿ ಈರುಳ್ಳಿಯನ್ನು ಅದರ ಮೇಲೇ ಇಟ್ಟುಕೊಂಡು ಉಣ್ಣುತ್ತಾರೆ. ಅಲ್ಲಿ ರೊಟ್ಟಿಯೇ ತಾಟು. ಕೊನೆಗೆ ತಾಟನ್ನೂ ತಿಂದು ಮುಗಿಸುತ್ತಾರೆ, ತೊಳೆಯುವ ಕೆಲಸವಿಲ್ಲ.

ಹಂಪಿಗೆ ಹೋದವರು ವಿಜಯ ವಿಠ್ಠಲನ ಗುಡಿಯ ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬರುತ್ತಾರೆ. ಅರಮನೆಯ ಆವರಣದ ಕಡೆ ಇನ್ನೊಂದು ಜಾಗವಿದೆ, ಅದನ್ನು ಬಿಡಬಾರದು. ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಉದ್ದಕ್ಕೆ ಒಂದು ಕಾಲುವೆ, ಅದರ ಎರಡೂ ದಡದಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ಚಪ್ಪಡಿಯಲ್ಲೇ ಅನ್ನಕ್ಕೊಂದು ಅಗಲವಾದ ತಗ್ಗು, ಪಲ್ಯ, ಸಾರು, ವ್ಯಂಜನಗಳಿಗೆ ಸುತ್ತ ಸಣ್ಣ ದುಂಡು ಕುಳಿಗಳು. ಜನ ಅದನ್ನು ಭೋಜನಶಾಲೆ ಎಂದು ಕರೆಯುತ್ತಾರೆ. ಎದುರುಬದುರು ಕೂತು ಉಂಡು, ಪಕ್ಕದಲ್ಲೇ ಹರಿಯುವ ನೀರಿನಲ್ಲಿ ಕೈ ತೊಳೆಯುವ ಏರ್ಪಾಡು. ಒಂದೇ ತಟ್ಟೆಯಲ್ಲಿ ಹಲವು ಬಟ್ಟಲುಗಳನ್ನು ಇಟ್ಟುಕೊಂಡು ಉಣ್ಣುವ ಇವತ್ತಿನ ಕ್ರಮವನ್ನು ಕಲ್ಲುಕುಟಿಗ ಅಂದೇ ಕೆತ್ತಿಟ್ಟಿದ್ದಾನೆ. ಅರಸರ ವೈಭವ ಹೇಳುವ ಗೋಪುರಗಳಿಗಿಂತ ಈ ತಟ್ಟೆಗಳ ಮುಂದೆ ನಿಂತಾಗ ಆ ಊರಿನಲ್ಲಿ ಜನ ಬದುಕಿದ್ದರು ಎನ್ನುವುದು ನನಗೆ ಹೆಚ್ಚು ನಿಜವಾಗಿ ತಟ್ಟುತ್ತದೆ.

ಉಳ್ಳವರ ಮನೆಯ ಹಳೆಯ ತಣಿಗೆ, ಗಂಗಾಳಗಳು ಕಂಚಿನವು. ಕಂಚೆಂದರೆ ತಾಮ್ರಕ್ಕೆ ತವರ ಬೆರೆಸಿದ ಲೋಹ. ಊಟದ ಪಾತ್ರೆಯ ಕಂಚಿನಲ್ಲಿ ತವರದ ಪಾಲು ಜಾಸ್ತಿ, ಸುಮಾರು ಶೇಕಡ 22ರಷ್ಟು. ಅಷ್ಟು ತವರ ಸೇರಿದ ಲೋಹ ತಣ್ಣಗಿರುವಾಗ ಬಲು ಬಿರುಸು, ಸುತ್ತಿಗೆ ಬಿದ್ದರೆ ಒಡೆಯುತ್ತದೆ. ಆದ್ದರಿಂದ ಕಂಚುಗಾರರು ಅದನ್ನು ಕೆಂಪಗೆ ಕಾಯಿಸಿ ಬಡಿದು, ಆರುವ ಮೊದಲೇ ಮತ್ತೆ ಕಾಯಿಸಿ ಬಡಿದು ತೆಳ್ಳಗೆ ಮಾಡಿ, ಕೊನೆಗೆ ನೀರಿಗೆ ಅದ್ದುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ದಕ್ಷಿಣ ಭಾರತದ ಇಂಥ ಕಂಚಿನ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ನೀಲಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲೂ ತಮಿಳುನಾಡಿನ ಆದಿಚ್ಚನಲ್ಲೂರಿನಲ್ಲೂ ಸಿಕ್ಕ ತೆಳುವಾದ ಕಂಚಿನ ಪಾತ್ರೆಗಳು ಈ ಕಸುಬಿನ ಹಳಮೆಯನ್ನು ಹೇಳುತ್ತವೆ. ಇದೇ ಲೋಹದಿಂದ ತಾಳ, ಜಾಗಟೆಗಳೂ ಆಗುತ್ತವೆ. ಹಾಗಾಗಿ ಕಂಚಿನ ತಣಿಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಸೀಳು ಬಿಟ್ಟಿದ್ದರೆ ಸದ್ದು ಒಡೆಯುತ್ತದೆ. ಕೊಳ್ಳುವವರು ಪರೀಕ್ಷೆ ಮಾಡುತ್ತಿದ್ದದ್ದೇ ಹಾಗೆ. ದೊಡ್ಡ ದನಿಯವರಿಗೆ ಕಂಚಿನ ಕಂಠ ಎಂಬ ಹೆಸರು ಬಂದದ್ದೂ ಆ ಸದ್ದನ್ನು ದಿನವೂ ಕೇಳಿದವರಿಂದ.

ಹಿತ್ತಾಳೆ ಕಂಚಿನಂತಲ್ಲ. ತಾಮ್ರಕ್ಕೆ ಸತು ಬೆರೆತ ಈ ಲೋಹದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರನ್ನೋ ಮಜ್ಜಿಗೆಯನ್ನೋ ಇಟ್ಟರೆ ಕಿಲುಬು ಏಳುತ್ತದೆ. ಹುಳಿಗೆ ಕರಗಿದ ತಾಮ್ರ ಹೊಟ್ಟೆ ಸೇರಿದರೆ ವಾಂತಿ, ಹೊಟ್ಟೆನೋವು. ಇದಕ್ಕೆ ಮದ್ದು ಕಲಾಯಿ. ಕಲಾಯಿಯವರು ಊರಿಗೆ ಬಂದರೆ ಬೀದಿಯ ಮೂಲೆಯಲ್ಲಿ ಗುಂಡಿ ತೋಡಿ ತಿದಿ ಒತ್ತಿ ಕೆಂಡ ಮಾಡುವರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಳಮೈಯನ್ನೆಲ್ಲ ಉಜ್ಜುವರು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಬಿಳಿ ಹೊಗೆ ಎದ್ದು, ಕಪ್ಪಾಗಿದ್ದ ಒಳಮೈ ಕ್ಷಣದಲ್ಲಿ ಬೆಳ್ಳಗೆ ಹೊಳೆಯುವುದನ್ನು ನೋಡಲು ಮಕ್ಕಳು ಸುತ್ತ ನಿಲ್ಲುತ್ತಿದ್ದರು. ಈಗ ಹಿತ್ತಾಳೆ ಪಾತ್ರೆಗಳು ಮತ್ತೆ ಅಂಗಡಿಗೆ ಬಂದಿವೆ, ಆರೋಗ್ಯಕ್ಕೆ ಒಳ್ಳೆಯದೆಂಬ ಪ್ರಚಾರವೂ ಇದೆ. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಲಾಯಿ ಇದೆಯೇ, ಸವೆದ ಮೇಲೆ ಮತ್ತೆ ಹಾಕಿಕೊಡುವವರು ಯಾರು?

ಸ್ಟೀಲು ಬಂದು ಈ ಎಲ್ಲ ಚಿಂತೆಗಳನ್ನೂ ಒಟ್ಟಿಗೆ ಗುಡಿಸಿಹಾಕಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಂದೂಕಿನ ನಳಿಗೆಗೆ ಸವೆಯದ ಉಕ್ಕು ಹುಡುಕುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕು ಹಿಡಿಯದ್ದನ್ನು ಕಂಡ. ಉಕ್ಕಿನಲ್ಲಿ ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆಯಾಗುತ್ತದೆ. ಪೊರೆ ಗೀರಿದರೂ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಹುಳಿಗೂ ಹೆದರುವುದಿಲ್ಲ, ಉಪ್ಪಿಗೂ ಹೆದರುವುದಿಲ್ಲ. 1980ರ ದಶಕದ ಆರಂಭದಲ್ಲಿ ನಮ್ಮ ಪಕ್ಕದ ಸೇಲಂನಲ್ಲೇ ಸ್ಟೇನ್‌ಲೆಸ್ ಉಕ್ಕಿನ ಸರ್ಕಾರಿ ಕಾರ್ಖಾನೆ ಶುರುವಾಯಿತು.

ಮನೆಗಳಲ್ಲಿ ಏನಾಯಿತೆಂದು ನೆನೆಸಿಕೊಳ್ಳಿ. ಅಟ್ಟದ ಮೇಲಿದ್ದ ಕಂಚು, ಹಿತ್ತಾಳೆಗಳನ್ನು ತೂಕಕ್ಕೆ ಹಾಕಿ ಸ್ಟೀಲು ತಂದರು. ಜರಿ ಸೀರೆ, ಹಳೆ ಪ್ಯಾಂಟುಗಳನ್ನು ಕೊಟ್ಟು ಬುಟ್ಟಿ ಹೊತ್ತು ಬಂದ ಪಾತ್ರೆಯವಳ ಹತ್ತಿರ ಚೌಕಾಸಿ ಮಾಡಿ ತಟ್ಟೆ ತೆಗೆದುಕೊಂಡರು. ಮದುವೆಗೆ ಉಡುಗೊರೆ ಎಂದರೆ ಸ್ಟೀಲಿನ ತಟ್ಟೆ, ಅದರ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ತಾರೀಖು. ಕೊಟ್ಟವರು ತೀರಿಕೊಂಡರೂ ಅವರ ಹೆಸರು ಪಾತ್ರೆಯ ಗೂಡಿನಲ್ಲಿ ದಿನವೂ ಕಾಣುತ್ತದೆ. ಮುಸುರೆ ತಿಕ್ಕುವ ಹೆಂಗಸರ ದೃಷ್ಟಿಯಿಂದ ನೋಡಿದರೆ ಸ್ಟೀಲು ದೊಡ್ಡ ಬಿಡುಗಡೆ. ಭಾರದ ಕಂಚನ್ನು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತೋಳು ಸೋಲುವವರೆಗೆ ಉಜ್ಜಿದವರು ಸ್ಟೀಲನ್ನು ಬೇಡವೆನ್ನಲು ಸಾಧ್ಯವಿರಲಿಲ್ಲ. ಕಂಚು ಹೋಯಿತೆಂದು ಮರುಗುವವರು ಆ ತೋಳುಗಳನ್ನು ಮರೆಯಬಾರದು.

ಆದರೆ ಎಲ್ಲ ಸ್ಟೀಲೂ ಒಂದಲ್ಲ. ಒಳ್ಳೆಯ ತಟ್ಟೆಯಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ಅಗ್ಗದ ಬಗೆಯಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಆಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಈ ಎರಡಕ್ಕೂ ಆಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯಿಂದ ಅಗ್ಗದ್ದನ್ನು ಬೇರೆ ಮಾಡಲಾಗದು. ತಟ್ಟೆಯ ಬೆನ್ನಿನ ಮೇಲೆ ಒತ್ತಿದ ದರ್ಜೆಯ ಗುರುತನ್ನು ಓದುವುದೇ ವಾಸಿ. 304 ಎಂದಿದ್ದರೆ ಮೊದಲ ಬಗೆ, 202 ಎಂದಿದ್ದರೆ ಎರಡನೆಯದು.

ಸ್ಟೀಲಿನ ಜೊತೆಗೆ ಒಂದೇ ಅಚ್ಚಿನ ಆಕಾರವೂ ಬಂತು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ತಟ್ಟೆ. ಆಗಲೇ ತಣಿಗೆ, ಗಂಗಾಳ ಎಂಬ ಹೆಸರುಗಳು ಕೆಲಸವಿಲ್ಲದೆ ಹಿಂದೆ ಸರಿದವು. ಆಕಾರ ಹೋದಮೇಲೆ ಹೆಸರನ್ನು ಹಿಡಿದಿಡುವುದು ಕಷ್ಟ.

ಊಟದ ಆಚೆಗೂ ತಟ್ಟೆಗೆ ಕೆಲಸ ಬಹಳ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ‘ತಟ್ಟೆ ಬದಲಾಯಿಸಿಕೊಂಡರು’ ಎಂದರೆ ನಿಶ್ಚಿತಾರ್ಥ ಆಯಿತೆಂದೇ ಅರ್ಥ. ದೇವಸ್ಥಾನದಲ್ಲಿ ಮಂಗಳಾರತಿಯ ತಟ್ಟೆಗೆ ಬಿದ್ದದ್ದು ‘ತಟ್ಟೆಕಾಸು’. ಅನೇಕ ಸಣ್ಣ ಗುಡಿಗಳ ಅರ್ಚಕರ ಮನೆ ನಡೆಯುವುದು ಅದರಿಂದ. ತಕ್ಕಡಿಗೂ ಎರಡು ತಟ್ಟೆ. ಬಾನಲ್ಲಿ ಏನೋ ಕಂಡೆವೆಂದು ಯಾರೋ ಹೇಳಿದರೆ ಅದು ‘ಹಾರುವ ತಟ್ಟೆ’. ಹಿಟ್ಟನ್ನು ಅಗಲ ತಟ್ಟೆಗೇ ಹೊಯ್ದು ಬೇಯಿಸಿದ್ದು ತಟ್ಟೆ ಇಡ್ಲಿ, ಬಿಡದಿಯಲ್ಲೂ ತುಮಕೂರಿನ ಕ್ಯಾತಸಂದ್ರದಲ್ಲೂ ಬಸ್ಸಿಳಿದು ತಿನ್ನುವಂಥದ್ದು. ಎಲೆಯ ದೊನ್ನೆಯಲ್ಲಿ ಬಡಿಸಿದ್ದಕ್ಕೆ ಬೆಂಗಳೂರಿನಲ್ಲಿ ದೊನ್ನೆ ಬಿರಿಯಾನಿ ಎಂದೇ ಹೆಸರು. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದದ್ದು ಕೊಟ್ಟೆ ಕಡುಬು. ತಿನಿಸಿಗೆ ಅದರ ಪಾತ್ರೆಯ ಹೆಸರಿಡುವ ಈ ಅಭ್ಯಾಸ ನನಗೆ ತುಂಬ ಇಷ್ಟ.

ದೊಡ್ಡ ಊಟದಲ್ಲಿ ಮಾತ್ರ ತಟ್ಟೆಯ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಎಲೆಯ ಲೆಕ್ಕ. ಅಡುಗೆಯವರು ‘ಎಷ್ಟು ಜನ’ ಎಂದು ಕೇಳುವುದಿಲ್ಲ, ‘ಎಷ್ಟು ಎಲೆ ಆಗುತ್ತೆ’ ಎನ್ನುತ್ತಾರೆ. ‘ಎಲೆ ಹಾಕಿದೆ, ಏಳಿ’ ಎಂದರೆ ಊಟಕ್ಕೆ ಕರೆ. ಬಾಳೆ ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ಕುಡಿ ಎಲೆ ದೇವರಿಗೆ, ಬೀಗರಿಗೆ, ಹಿರಿಯರಿಗೆ. ಉಳಿದವರಿಗೆ ಸೀಳಿದ ಎಲೆ. ಬಯಲುಸೀಮೆಯಲ್ಲಿ ಬಾಳೆಗಿಂತ ಮುತ್ತುಗವೇ ಆಸರೆ. ಒಂದೊಂದು ತೊಟ್ಟಿಗೂ ಮೂರು ಎಲೆ ಬಿಡುವ ಈ ಮರದ ಎಲೆಗಳನ್ನು ಕಿತ್ತು, ಬಿದಿರಿನ ಸಣ್ಣ ಕಡ್ಡಿಯಿಂದ ಚುಚ್ಚಿ ದುಂಡಗೆ ಹೆಣೆದು, ಒಣಗಿಸಿ, ಕಟ್ಟು ಕಟ್ಟಿ ಸಂತೆಗೆ ತರುತ್ತಾರೆ. ಒಂದು ಕಡೆ ಅದು ಇಸ್ತ್ರಿ ಎಲೆ, ಇನ್ನೊಂದು ಕಡೆ ಪತ್ರಾವಳಿ. ಊಟಕ್ಕೆ ಕೂತವರು ಮೊದಲು ನೀರು ಚಿಮುಕಿಸುವುದು ಬರಿಯ ಶಾಸ್ತ್ರವಲ್ಲ, ಒಣಗಿ ಗರಿಗರಿಯಾದ ಎಲೆ ನೀರು ಕುಡಿದು ಮೆತ್ತಗಾಗಿ ಸೀಳದೆ ಉಳಿಯಲಿ ಎಂದು. ‘ಎಲೆ ಎತ್ತೋ ಜಾಣ ಅಂದರೆ ಉಂಡವರೆಷ್ಟು ಅಂದನಂತೆ’ ಎಂಬ ಗಾದೆ ಸೋಮಾರಿಯನ್ನು ಕುರಿತದ್ದು, ನಿಜ. ಆದರೆ ಎಲೆ ಎತ್ತುವ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಎಂಬ ಪ್ರಶ್ನೆಯೂ ಅದರೊಳಗೆ ಇದೆ.

ತಟ್ಟೆಯ ಮಾತು ಬಂದಾಗ ದಾಟಿ ಹೋಗಬಾರದ ಜಾಗ ಇದು. ನಮ್ಮಲ್ಲಿ ತಟ್ಟೆ ಎಂದರೆ ‘ನನ್ನದು’, ‘ನಿನ್ನದು’ ಎಂಬ ಗೆರೆ. ಬಾಯಿ ಮುಟ್ಟಿದ್ದು ಎಂಜಲು, ಬೆಂದ ಅನ್ನ ತಗುಲಿದ್ದು ಮುಸುರೆ. ಶುಚಿಯ ಎಚ್ಚರದಿಂದ ಹುಟ್ಟಿದ ಮಾತುಗಳು ಎನ್ನುವುದಾದರೂ, ಅವುಗಳನ್ನೇ ಹಿಡಿದು ಮನುಷ್ಯರನ್ನು ದೂರ ಇಟ್ಟ ಚರಿತ್ರೆ ನಮ್ಮದು. ಹೋಟೆಲಿನ ಹೊರಗೆ ಸಿಕ್ಕಿಸಿಟ್ಟ ಬೇರೆ ಲೋಟ, ಹಿತ್ತಲ ಗೋಡೆಗೆ ಒರಗಿಸಿಟ್ಟ ಕೆಲಸದಾಳಿನ ತಟ್ಟೆ, ಉಂಡ ಮೇಲೆ ಅವರೇ ತೊಳೆದು ಅಲ್ಲೇ ಇಟ್ಟು ಹೋಗಬೇಕೆಂಬ ಕಟ್ಟಳೆ. ಎರಡು ಲೋಟದ ಪದ್ಧತಿ ಎಂದು ಅದಕ್ಕೆ ಹೆಸರೇ ಬಿದ್ದಿದೆ. ಇದಕ್ಕೆ ಶಿಕ್ಷೆ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದ ಮೇಲೆ ಬಂದ 1955ರ ಕಾಯ್ದೆ, ಅಂದರೆ ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎನ್ನುವುದು, ಅದರ 4ನೇ ಕಲಮಿನಲ್ಲಿ ಪಾತ್ರೆಗಳನ್ನೇ ಬೇರೆಯಾಗಿ ಹೆಸರಿಸಿದೆ. ಹೋಟೆಲು, ಧರ್ಮಶಾಲೆಗಳಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ನಿರಾಕರಿಸಿದರೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಸೆರೆವಾಸ, ಜೊತೆಗೆ ದಂಡ. ಕಾಯ್ದೆ ಬರೆದವರಿಗೆ ಅವಮಾನ ಎಲ್ಲಿ ಕೂತಿದೆ ಎಂಬುದು ಗೊತ್ತಿತ್ತು.

ಮನೆಯೊಳಗಿನ ಬೇರೆ ತಟ್ಟೆಯನ್ನು ಆ ಕಲಮು ಮುಟ್ಟಲಾರದು. ನಗರದ ಅಪಾರ್ಟ್‌ಮೆಂಟುಗಳಲ್ಲಿ ಮುಸುರೆ ತಿಕ್ಕಲು ಬರುವ ಹೆಣ್ಣುಮಗಳು ಮನೆಯವರ ತಟ್ಟೆಗಳನ್ನೆಲ್ಲ ತೊಳೆದು ಒರೆಸಿ ಜೋಡಿಸುತ್ತಾಳೆ, ಅವಳಿಗೆ ತಿಂಡಿ ಕೊಡುವಾಗ ಮಾತ್ರ ಬೇರೆ ತಟ್ಟೆ ಹೊರಗೆ ಬರುತ್ತದೆ. ಇದನ್ನು ಇಂದೂ ಕಾಣುತ್ತೇವೆ. ಇದು ಶುಚಿಯಲ್ಲ, ಇದು ತಪ್ಪು.

ಇದೇ ನಾಡಿನಲ್ಲಿ ಒಂದೇ ತಟ್ಟೆಗೆ ಹಲವರು ಕೈ ಹಾಕುವ ಊಟವೂ ಇದೆ. ಮದುವೆಯಲ್ಲಿ ಭೂಮದ ಊಟ ಎಂದರೆ ಹೊಸ ಗಂಡಹೆಂಡಿರು, ಬೀಗರು ಒಟ್ಟಿಗೆ ಕೂತು ಉಣ್ಣುವುದು, ತುತ್ತು ಇಡುವುದು. ದಾವೂದಿ ಬೊಹ್ರಾ ಮುಸ್ಲಿಮರು ದೊಡ್ಡ ಥಾಲಿನ ಸುತ್ತ ಎಂಟು ಮಂದಿ ಕೂತು, ಮೊದಲು ಚಿಟಿಕೆ ಉಪ್ಪು ನಾಲಗೆಗೆ ತಾಗಿಸಿ ಊಟ ಶುರು ಮಾಡುತ್ತಾರೆ. ಬಸವಣ್ಣನವರ ಕಾಲದ ದಾಸೋಹ ಎಂಬ ಮಾತನ್ನು ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಇಟ್ಟಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ಶಾಲೆಯ ಜಗುಲಿಯಲ್ಲಿ ಸ್ಟೀಲು ತಟ್ಟೆ ಹಿಡಿದು ಸಾಲಾಗಿ ಕೂತ ಮಕ್ಕಳಲ್ಲಿ ಯಾರ ತಟ್ಟೆ ಯಾವುದೆಂದು ದೂರದಿಂದ ಹೇಳಲು ಬಾರದು. ಸ್ಟೀಲಿನ ಒಂದೇ ಅಚ್ಚಿನ ಆಕಾರವನ್ನು ನಾನು ಮನಸಾರೆ ಮೆಚ್ಚುವುದು ಇಲ್ಲಿ.

ಈಗ ತಟ್ಟೆ ಮತ್ತೊಮ್ಮೆ ಬದಲಾಗುತ್ತಿದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬಂದ ದರ್ಶಿನಿಗಳು ನಮ್ಮನ್ನು ನಿಂತು ತಿನ್ನಲು ಕಲಿಸಿದವು. ಹೆಚ್ಚು ಗಿರಾಕಿ, ಕಡಿಮೆ ನೀರು. ಕೆಲವು ಕಡೆ ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕುದಿಯುವ ಬಿಸಿಬೇಳೆಬಾತ್ ಹಾಕುತ್ತಾರೆ. ತಟ್ಟೆ ತೊಳೆಯುವ ನೀರು ಉಳಿಯುತ್ತದೆ, ನಮ್ಮ ಹೊಟ್ಟೆಯ ಗತಿ ಕೇಳುವವರಿಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಜೊತೆಗೆ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆಗೆ ದೇಶವೆಲ್ಲ ನಿಷೇಧ. ಅದರ ಜಾಗಕ್ಕೆ ಕಾಗದದ ತಟ್ಟೆ ಬಂದಿದೆ. ಅದರ ಒಳಮೈಯ ಹೊಳಪು ಎಷ್ಟೋ ಸಲ ಪ್ಲಾಸ್ಟಿಕ್ಕಿನದೇ.

ಅಡಿಕೆ ಹಾಳೆಯ ತಟ್ಟೆ ನಮ್ಮ ನಾಡಿನ ಕೊಡುಗೆ. ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಸಾಕು, ಅಂಟೂ ಬೇಡ, ಬಣ್ಣವೂ ಬೇಡ. ಕರಾವಳಿ, ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಇದರಿಂದ ಕೆಲಸ ಸಿಕ್ಕಿದೆ, ಸರಕು ಹೊರದೇಶಕ್ಕೂ ಹೋಗುತ್ತಿತ್ತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಇದಕ್ಕೆ ತಡೆ ಒಡ್ಡಿದೆ. ಬೆಳೆಗಾರರು ಸಿಟ್ಟಾಗಿದ್ದಾರೆ. ಸಿಟ್ಟಿನ ಜೊತೆಗೆ ನಮ್ಮ ಪ್ರಯೋಗಾಲಯಗಳಲ್ಲೇ ಬಿಸಿ ಸಾರು, ಹುಳಿ, ಎಣ್ಣೆ ಹಾಕಿ ಅಳೆದು ನೋಡಿದ ಲೆಕ್ಕವೂ ಬೇಕು. ಆ ತಟ್ಟೆಯಲ್ಲಿ ಹೆಚ್ಚು ಊಟ ಮಾಡುವವರು ನಾವೇ.

ಎಸೆಯದ ತಟ್ಟೆಯ ದಾರಿಯೂ ಒಂದಿದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ಗೃಹಪ್ರವೇಶ, ಹುಟ್ಟುಹಬ್ಬ, ಸಭೆಗಳಿಗೆ ಬೇಕಾದಷ್ಟು ಸ್ಟೀಲು ತಟ್ಟೆ, ಲೋಟ, ಚಮಚ ಒಯ್ದು, ಬಳಸಿ, ಹಿಂದಿರುಗಿಸಬಹುದು. ಇದನ್ನು ನೋಡಿ ಬೇರೆ ಬಡಾವಣೆಗಳವರೂ ಸೇರಿ ಪಾತ್ರೆ ಕೊಂಡು ಇಟ್ಟುಕೊಂಡಿದ್ದಾರೆ. ಹಳ್ಳಿಗಳಲ್ಲಿ ಇದು ಹೊಸದಲ್ಲ. ಊರ ದೇವಸ್ಥಾನಕ್ಕೆ ಸೇರಿದ ಹಂಡೆ, ಕೊಪ್ಪರಿಗೆ, ಹರಿವಾಣಗಳನ್ನು ಮದುವೆ ಮನೆಯವರು ಎಣಿಸಿ ಒಯ್ದು ಎಣಿಸಿ ಒಪ್ಪಿಸುತ್ತಿದ್ದರು. ಕಳೆದರೆ ಹೊಸದು ತಂದಿಡುತ್ತಿದ್ದರು.